ಬಿಡದಿಯಲ್ಲಿ ಎರಡು ದಿನ

ಬೆಂಗಳೂರಿನಿಂದ ಮೈಸೂರಿಗೆ ಪಯಣಿಸುವವರಲ್ಲಿ ಬಿಡದಿಯನ್ನು ಒಂದು ಊರೆಂದು ಎಣಿಸುವವರು ವಿರಳ. ಬಹುಮಂದಿಗೆ ಅದು ತಟ್ಟೆ ಇಡ್ಲಿ ದೊರೆಯುವ ನಿಲುಗಡೆ ಮಾತ್ರ. ನಾವೂ ಉಪಾಧ್ಯಾಯವೃತ್ತಿಯಲ್ಲಿದ್ದ ಅಷ್ಟು ವರ್ಷಗಳ ಕಾಲವೂ ಬಂಧುಗಳ ಮನೆಗೆ ಹೋಗುವಾಗಲೆಲ್ಲ ಇಲ್ಲಿ ಇಳಿದು, ಬೆಣ್ಣೆ ಸವರಿದ ಎರಡು ಇಡ್ಲಿಗಳನ್ನು ತಿಂದು, ಕಾಫಿಯನ್ನು ಕುಡಿದು, ಬಸ್ಸು ಹೊರಡುವುದೆಂಬ ಆತುರದಲ್ಲಿ ಬಾಯನ್ನೂ ಸರಿಯಾಗಿ ಒರಸಿಕೊಳ್ಳದೆ ಓಡಿದವರೇ. ಅಂತಹ ಊರಿನಲ್ಲಿ ಎರಡು ಹಗಲುಗಳನ್ನು ಕಳೆಯುವ ಪ್ರಸಂಗವು ಕಳೆದ ಕಾರ್ತಿಕಮಾಸದಲ್ಲಿ ನಮಗೆ ಒದಗಿತು. ಒದಗಿಸಿದುದು ಒಂದು ಹಳೆಯ ಮೋಟಾರು ಕಾರು.

ಕಾರು 1982ನೆಯ ಇಸವಿಯ ಅಂಬಾಸಡರ್. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಶ್ರೇಣಿಯ ಅಚ್ಚಿನಲ್ಲಿ ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆಯವರು ಇದನ್ನು 1957ರಿಂದ ತಯಾರಿಸತೊಡಗಿದರು. ಬಂಗಾಳದ ಉತ್ತರಪಾಡಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲಿ ನಿಂತುಹೋಯಿತು. ಮಂತ್ರಿಗಳಿಂದ ಮೊದಲ್ಗೊಂಡು ಬಾಡಿಗೆ ಸಾರಥಿಗಳವರೆಗೆ ಎಲ್ಲರನ್ನೂ ಹೊತ್ತ ಈ ಬಂಡಿಯ ವಿಷಯದಲ್ಲಿ ವಾಚಕರಿಗೆ ಹೆಚ್ಚು ಹೇಳಬೇಕಾಗಿಲ್ಲ. ನಮ್ಮಲ್ಲಿರುವುದು ನಮ್ಮ ಭಾವನವರದು. ಅವರು ವೈದ್ಯರು. ಕನಕಪುರದ ಸೀಮೆಯ ಹಳ್ಳಿಗಳಿಗೆ ಅಪರಾತ್ರಿಯಲ್ಲಿಯೂ ಇದರಲ್ಲಿಯೇ ಹೋಗಿ ಬರುತ್ತಿದ್ದರು. ಅವರು ಕಾಲವಾದ ಮೇಲೆ ಅಕ್ಕನವರು ನಮ್ಮ ಮನೆಗೆ ಬಂದರು; ಅವರೊಡನೆ ಕಾರೂ ಬಂದಿತು. ಅಕ್ಕನವರಿಗೆ ಈಗ ಎಪ್ಪತ್ತಾರು ವರ್ಷ. ಕೆಂಗಲ್ಲಿನ ಆಂಜನೇಯನಿಗೆ ಒಂದು ಹರಕೆ ಬಾಕಿಯಿದೆಯೆಂದೂ, ಅದನ್ನು ಈ ಕಾರಿನಲ್ಲಿಯೇ ಹೋಗಿ ಸಲ್ಲಿಸಬೇಕೆಂದೂ ಅವರು ಹೇಳುತ್ತಿದ್ದರು. ಏಕೆಂದು ನಾವು ಕೇಳಲಿಲ್ಲ. ಕೇಳತಕ್ಕ ಮಾತೂ ಅದಲ್ಲ.

ತೊಡಕೆಂದರೆ, ಕಾರು ನಡುಗತೊಡಗಿತ್ತು. ಗಂಟೆಗೆ ಐವತ್ತು ಕಿಲೋಮೀಟರಿನವರೆಗೆ ಸಾಧುವಾಗಿ ಹೋಗುವುದು; ಐವತ್ತೈದನ್ನು ದಾಟಿತೆಂದರೆ ಕೆಳಗಡೆಯಿಂದ ಒಂದು ಝೇಂಕಾರವೆದ್ದು, ಆಸನವೂ ನೆಲವೂ ಜುಮುಜುಮುಗುಟ್ಟುವುವು. ಬೆಂಗಳೂರಿನ ಒಂದು ಕಾರ್ಖಾನೆಯವರು ನೋಡಿ, ಚಕ್ರಗಳ ಸಮತೋಲ ತಪ್ಪಿದೆಯೆಂದು ಅವಕ್ಕೆ ಸೀಸದ ತುಂಡುಗಳನ್ನು ಅಂಟಿಸಿ ಹಣ ತೆಗೆದುಕೊಂಡರು. ನಡುಕ ಹಾಗೆಯೇ ಇತ್ತು. ಮತ್ತೊಬ್ಬರು ಹಿಂದಿನ ಹೌಸಿಂಗಿನೊಳಗಣ ಕ್ರೌನು ಪಿನಿಯನ್ನುಗಳು ಸವೆದಿವೆಯೆಂದೂ, ಎಲ್ಲವನ್ನೂ ಬದಲಿಸಲು ನಲವತ್ತು ಸಾವಿರ ರೂಪಾಯಿಗಳಾಗುವುವೆಂದೂ ಹೇಳಿದರು. ನಿವೃತ್ತಿವೇತನದವನಿಗೆ ಅದು ಸಣ್ಣ ಮೊತ್ತವಲ್ಲ. ಹದಿನೈದು ವರ್ಷ ಮೀರಿದ ಬಂಡಿಯಾದುದರಿಂದ ಐದು ವರ್ಷಗಳಿಗೊಮ್ಮೆ ನೋಂದಣಿಯನ್ನು ನವೀಕರಿಸಬೇಕು. ಆ ಗಡುವೂ ಸಮೀಪಿಸಿತ್ತು. ನಮ್ಮ ಮಗನು, “ಅಪ್ಪಾ, ಇದನ್ನು ಗುಜರಿಗೆ ಹಾಕಿಬಿಡೋಣ” ಎಂದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಅದನ್ನು ಹೇಳುವಾಗ ಅಕ್ಕನವರು ಪಕ್ಕದ ಕೋಣೆಯಲ್ಲಿ ಹೂ ಕಟ್ಟುತ್ತಿದ್ದರು. ಮರುದಿನ ಬೆಳಗ್ಗೆ ಅವರು ಸ್ನಾನಮಾಡಿ, ರೇಷ್ಮೆಯ ಸೀರೆಯುಟ್ಟು ಬಂದು, “ಇವತ್ತೇ ಹೋಗಿಬರೋಣ ಕಣೋ, ನಿಧಾನವಾಗಿ ಹೋದರಾಯಿತು” ಎಂದರು. ನಾವು ಹೊರಟೆವು.

ಕೆಂಗೇರಿಯನ್ನೂ ಕುಂಬಳಗೋಡನ್ನೂ ದಾಟಿದೆವು. 2023ರ ಮಾರ್ಚಿ ತಿಂಗಳಲ್ಲಿ ಉದ್ಘಾಟಿತವಾದ ದಶಪಥ ಹೆದ್ದಾರಿಯು ಬಿಡದಿಯ ಪೇಟೆಯನ್ನು ಬದಿಗಿಟ್ಟು ಹೊರಗಡೆಯಿಂದಲೇ ಹಾಯ್ದುಹೋಗುತ್ತದೆ. ಅಲ್ಲಿ ಬಾಣದಂತೆ ಸಾಗುವ ಬಂಡಿಗಳ ನಡುವೆ ನಾವು ನಲವತ್ತೈದರಲ್ಲಿ ಹೋಗುವುದು ಅಪಾಯವೆಂದು ತೋರಿದ್ದರಿಂದ ಊರೊಳಗಿನ ಹಳೆಯ ಹಾದಿಯನ್ನು ಹಿಡಿದೆವು. ಅಷ್ಟರಲ್ಲಿ ಹೊಸದೊಂದು ಸದ್ದು ಕೇಳಿಸಿತು. ನಿಧಾನವಾಗಿ ಹೋಗುವಾಗ ಗುಬ್ಬಿ ಕೂಗಿದಂತೆ ‘ಚಿಕ್ ಚಿಕ್’ ಎಂದು. ಗೇರು ಹಾಕಿ ಕ್ಲಚ್ಚನ್ನು ಬಿಡುವಾಗ ‘ಟಣ್’ ಎಂದು. ಅಕ್ಕನವರು ಹಿಂದಿನಿಂದ, “ಅವರು ಓಡಿಸುವಾಗ ಇದು ಹೀಗೆ ನಡುಗುತ್ತಿರಲಿಲ್ಲ” ಎಂದರು. ನಮ್ಮ ಕೈ ದೋಷವೆಂದು ಅವರ ಅಭಿಪ್ರಾಯವಿದ್ದಿರಬಹುದು.

ಇಡ್ಲಿಯ ಹೋಟೆಲಿನ ಮುಂದೆ ಕಾರನ್ನು ನಿಲ್ಲಿಸಿದೆವು. ಅಗಲವಾದ ತಟ್ಟೆಗಳಲ್ಲಿ ಹಿಟ್ಟನ್ನು ಹೊಯ್ದು, ಒಂದರ ಮೇಲೊಂದಾಗಿ ಹಬೆಯಲ್ಲಿಟ್ಟು ಬೇಯಿಸಿದ ಆ ಇಡ್ಲಿಯು ಮನೆಯ ಇಡ್ಲಿಗಿಂತ ಮೃದು. ಒಂದಕ್ಕೆ ಎರಡನ್ನು ತಿಂದರೆ ಮಧ್ಯಾಹ್ನದ ಊಟದ ಚಿಂತೆಯಿಲ್ಲ. ಬಡಿಸುವವನೊಡನೆ ಕಾರಿನ ವಿಷಯವನ್ನೆತ್ತಿದೆವು. ಅವನು ರೈಲು ನಿಲ್ದಾಣದ ಕಡೆಗೆ ಕೈದೋರಿಸಿ, ಹೊಂಗೆಯ ಮರದ ಕೆಳಗೆ ಒಬ್ಬ ಹಿರಿಯ ಮೇಸ್ತ್ರಿಗಳಿದ್ದಾರೆಂದೂ, ಅಂಬಾಸಡರೆಂದರೆ ಅವರಿಗೆ ಪ್ರಾಣವೆಂದೂ ತಿಳಿಸಿದನು.

ಎಪ್ಪತ್ತರ ಆಸುಪಾಸಿನ ಆ ಮೇಸ್ತ್ರಿಗಳು ಕಾರನ್ನು ನೋಡಿದೊಡನೆ ಹತ್ಯಾರಿಗೆ ಕೈಹಾಕಲಿಲ್ಲ. ಮರದ ಮಣೆಯೊಂದನ್ನು ಎಳೆದುಕೊಂಡು ಕುಳಿತು, “ಮೇಷ್ಟ್ರೇ, ಯಾವಾಗಿಂದ ಹಿಂಗಾಗ್ತೈತೆ? ಅದಕ್ಕೆ ಮುಂಚೆ ಯಾರಾದ್ರೂ ಏನಾದ್ರೂ ಬಿಚ್ಚಿದ್ರಾ?” ಎಂದು ಕೇಳಿದರು. ಆಗ ಹೊಳೆಯಿತು: ಆಷಾಢದಲ್ಲಿ ಕ್ಲಚ್ ಪ್ಲೇಟನ್ನು ಬದಲಾಯಿಸಿದ್ದರು, ನಡುಕವು ಮೊದಲಾದುದು ಅದರ ಹಿಂದೆಯೇ. ಹಿಂದಿನ ಇಬ್ಬರೂ ಈ ಪ್ರಶ್ನೆಯನ್ನು ಕೇಳಲಿಲ್ಲ. ನಾವಾಗಿ ಹೇಳಲೂ ಇಲ್ಲ. ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ಪರೀಕ್ಷಿಸಬೇಕೆಂದು ನಮ್ಮ ವೈದ್ಯಶಾಸ್ತ್ರವು ವಿಧಿಸುತ್ತದೆ. ನಲವತ್ತು ವರ್ಷ ಮಕ್ಕಳನ್ನು ಪ್ರಶ್ನೆ ಕೇಳಿದ ನಮಗೇ ಮೂರನೆಯದು ಮರೆತುಹೋಗಿತ್ತು.

ಬಳಿಕ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು ತಾವೇ ಕಾರನ್ನು ಓಡಿಸಿದರು. ಮೊದಲು ನಿಂತಲ್ಲಿಯೇ ಇಂಜಿನನ್ನು ಜೋರಾಗಿ ತಿರುಗಿಸಿದರು, ನಡುಕವಿಲ್ಲ. ಸಮತಟ್ಟಾದ, ಜನಸಂಚಾರವಿಲ್ಲದ ಒಂದು ಹಾದಿಯಲ್ಲಿ ಅರವತ್ತಕ್ಕೆ ಏರಿಸಿದರು, ನಡುಕ ಬಂದಿತು. ಅದೇ ವೇಗದಲ್ಲಿ ನಾಲ್ಕನೆಯ ಗೇರಿನಿಂದ ಮೂರನೆಯದಕ್ಕೆ ಇಳಿಸಿದರು. ಇಂಜಿನು ಹೆಚ್ಚು ಸುತ್ತು ಸುತ್ತಿ ಕೂಗಿತು, ನಡುಕ ಮಾತ್ರ ಮೊದಲಿನಂತೆಯೇ ಇತ್ತು. ಕಡೆಗೆ ಗೇರನ್ನು ತೆಗೆದು, ಇಂಜಿನಿನ ಸಂಬಂಧವನ್ನೇ ಕಡಿದು, ಕಾರನ್ನು ತನ್ನ ವೇಗದಲ್ಲಿಯೇ ಹರಿಯಬಿಟ್ಟರು. ಆಗಲೂ ನಡುಕವಿತ್ತು, ವೇಗ ತಗ್ಗಿದಂತೆ ತಾನೂ ತಗ್ಗಿ ಐವತ್ತರ ಬಳಿ ಅಡಗಿತು. “ಇಂಜಿನ್ದಲ್ಲ, ಕ್ಲಚ್‌ದಲ್ಲ, ಗೇರ್ ಬಾಕ್ಸ್‌ದೂ ಅಲ್ಲ” ಎಂದರು.

ತರ್ಕವನ್ನು ಓದಿದವರಿಗೆ ಇದು ಅನ್ವಯವ್ಯತಿರೇಕವೆಂದು ಕೂಡಲೆ ತಿಳಿಯುವುದು. ಒಂದಿದ್ದರೆ ಇನ್ನೊಂದಿರುವುದು ಅನ್ವಯ. ಇಲ್ಲದಿದ್ದರೆ ಇಲ್ಲದಿರುವುದು ವ್ಯತಿರೇಕ. ಇಂಜಿನಿನ ಸುತ್ತು ಬದಲಾದರೂ ನಡುಕ ಬದಲಾಗಲಿಲ್ಲ. ಬಂಡಿಯ ವೇಗ ಬದಲಾದರೆ ಬದಲಾಯಿತು. ಆದಕಾರಣ ಕಾರಣವು ಬಂಡಿಯ ವೇಗದೊಡನೆ ತಿರುಗುವ ವಸ್ತುವಿನಲ್ಲಿಯೇ ಇರತಕ್ಕದ್ದು. ಹೊಗೆಯನ್ನೂ ಬೆಂಕಿಯನ್ನೂ ಹಿಡಿದುಕೊಂಡು ನಾವು ಮಕ್ಕಳಿಗೆ ಎಷ್ಟೋ ವರ್ಷ ಹೇಳಿದ ಪಾಠವನ್ನು ಮೇಸ್ತ್ರಿಗಳು ಐದು ನಿಮಿಷದಲ್ಲಿ ರಸ್ತೆಯ ಮೇಲೆ ತೋರಿಸಿಕೊಟ್ಟರು.

ಇನ್ನುಳಿದವು ಮೂರು: ಚಕ್ರಗಳು, ಹಿಂದಿನ ಹೌಸಿಂಗು, ಮತ್ತು ಗೇರುಪೆಟ್ಟಿಗೆಯಿಂದ ಹೌಸಿಂಗಿಗೆ ಶಕ್ತಿಯನ್ನೊಯ್ಯುವ ಉದ್ದನೆಯ ಕೊಳವೆ. ಸಂಸ್ಕೃತದಲ್ಲಿ ಹೆಸರಿಡಹೊರಟರೆ ಇದನ್ನು ಚಾಲಕದಂಡವೆನ್ನಬಹುದು. ಮೇಸ್ತ್ರಿಗಳ ಬಾಯಲ್ಲಿ ಅದು ಶಾಫ್ಟು. ನಾವೂ ಹಾಗೆಯೇ ಕರೆಯುವೆವು. ಇಲ್ಲಿ ಸ್ವಲ್ಪ ಲೆಕ್ಕವನ್ನು ವಾಚಕರು ಸಹಿಸಬೇಕು. ನಮ್ಮ ಕಾರಿನ ಚಕ್ರದ ಸುತ್ತಳತೆ ಸುಮಾರು ಎರಡು ಮೀಟರು. ಗಂಟೆಗೆ 60 ಕಿಲೋಮೀಟರೆಂದರೆ ಸೆಕೆಂಡಿಗೆ ಹದಿನಾರೂವರೆ ಮೀಟರಿನಷ್ಟು. ಚಕ್ರವು ಸೆಕೆಂಡಿಗೆ ಎಂಟು ಸುತ್ತು ತಿರುಗಿತೆನ್ನಿ. ಎರಡು ಹಿಂಚಕ್ರಗಳೂ ಒಂದು ಸುತ್ತು ಸುತ್ತುವಷ್ಟರಲ್ಲಿ ಶಾಫ್ಟು ನಾಲ್ಕೂವರೆಯಷ್ಟು ಸುತ್ತುವುದು. ಅಂದರೆ ಸೆಕೆಂಡಿಗೆ ಮೂವತ್ತಾರು ಸುತ್ತು. ಚಕ್ರದ ದೋಷವಾದರೆ ತೂಗಿದಂತೆ, ಕುಲುಕಿದಂತೆ ಎಣಿಸಬಹುದಾದ ನಡುಕ. ಮುಂಚಕ್ರದ್ದಾದರೆ ಸ್ಟಿಯರಿಂಗಿನಲ್ಲಿ, ಹಿಂಚಕ್ರದ್ದಾದರೆ ಆಸನದಲ್ಲಿ ತಿಳಿಯುವುದು. ಶಾಫ್ಟಿನದಾದರೆ ಎಣಿಸಲಾಗದ ಝೇಂಕಾರ. ನಮ್ಮದು ಝೇಂಕಾರವೆಂದು ಮೊದಲೇ ಹೇಳಿದೆವಷ್ಟೆ. ಸೀಸ ಅಂಟಿಸಿದವರು ಈ ಗುಣಾಕಾರವನ್ನು ಮಾಡಿದ್ದರೆ ನಮ್ಮ ಹಣ ಉಳಿಯುತ್ತಿತ್ತು.

ಹೌಸಿಂಗಿನ ವಿಷಯದಲ್ಲಿಯೂ ಮೇಸ್ತ್ರಿಗಳು ಒಂದು ಸೂಕ್ಷ್ಮವನ್ನು ಹೇಳಿದರು. ಕ್ರೌನು ಪಿನಿಯನ್ನುಗಳ ಹಲ್ಲು ಸವೆದಿದ್ದರೆ ಅದು ಗೋಳಿಡುವ ಸ್ವರ. ಆಕ್ಸಿಲೇಟರನ್ನು ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ. ಒತ್ತಿದಾಗ ಹಲ್ಲಿನ ಒಂದು ಮುಖಕ್ಕೂ ಬಿಟ್ಟಾಗ ಮತ್ತೊಂದು ಮುಖಕ್ಕೂ ಭಾರ ಬೀಳುವುದೇ ಅದಕ್ಕೆ ಕಾರಣ. ನಮ್ಮ ಕಾರಿನ ಸದ್ದು ಒತ್ತಿದರೂ ಬಿಟ್ಟರೂ ಒಂದೇ. ಚಕ್ರದ ಬೇರಿಂಗು ಹಾಳಾಗಿದ್ದರೆ ತಿರುವಿನಲ್ಲಿ ಭಾರವು ಒಂದು ಮಗ್ಗುಲಿಗೆ ಸರಿದಾಗ ಗೊರಗೊರ ಹೆಚ್ಚುವುದು ಅಥವಾ ತಗ್ಗುವುದು. ಟಯರಿನ ಸದ್ದಾದರೆ ರಸ್ತೆಯ ಮೈ ಬದಲಾದೊಡನೆ ತಾನೂ ಬದಲಾಗುವುದು. ಗೇರುಪೆಟ್ಟಿಗೆಯ ಸದ್ದು ಉಳಿದ ಗೇರುಗಳಲ್ಲಿ ಕೇಳಿ, ನೇರವಾದ ನಾಲ್ಕನೆಯದರಲ್ಲಿ ಬಹುಮಟ್ಟಿಗೆ ಅಡಗುವುದು. ಇವನ್ನೆಲ್ಲ ಅವರು ಬೀಡಿಯ ತುಂಡೊಂದನ್ನು ಬೆರಳಿನಲ್ಲಿ ಹೊರಳಿಸುತ್ತ, ಹಚ್ಚದೆ, ಹೇಳಿದರು. ಅಕ್ಕನವರು ಎದುರಿಗಿದ್ದರೆಂಬ ಸಂಕೋಚವಿರಬೇಕು.

ಮುಂಚಕ್ರಗಳಿಗೆ ಕಲ್ಲನ್ನು ಒತ್ತುಕೊಟ್ಟು, ಹಿಂದಿನ ಹೌಸಿಂಗಿನ ಎರಡು ಕಡೆಯೂ ಕಬ್ಬಿಣದ ಕುದುರೆಗಳನ್ನು ಕೊಟ್ಟು ನಿಲ್ಲಿಸಿ, ಹಿಂಚಕ್ರಗಳನ್ನು ಕಳಚಿ, ಡ್ರಮ್ಮುಗಳನ್ನು ನಟ್ಟುಗಳಿಂದ ಬಿಗಿದು, ಇಂಜಿನನ್ನು ನಾಲ್ಕನೆಯ ಗೇರಿನಲ್ಲಿ ಓಡಿಸಿದರು. ಆ ಹೊತ್ತಿನಲ್ಲಿ ಯಾರನ್ನೂ ಕಾರಿನ ಕೆಳಕ್ಕೆ ಸುಳಿಯಗೊಡಲಿಲ್ಲ. ಗೃಹಸ್ಥರು ಮನೆಯಂಗಳದಲ್ಲಿ ಮಾಡತಕ್ಕ ಕೆಲಸ ಇದಲ್ಲವೆಂದು ಇಲ್ಲಿಯೇ ಎಚ್ಚರಿಸುವೆವು. ಚಕ್ರಗಳಿಲ್ಲದಿದ್ದರೂ ನಡುಕ ಬಂದಿತು, ಚಕ್ರಗಳು ನಿರಪರಾಧಿಗಳೆಂದಾಯಿತು. ಇಂಜಿನನ್ನು ನಿಲ್ಲಿಸಿ, ಇಟ್ಟಿಗೆಯೊಂದರ ಮೇಲೆ ತಂತಿಯನ್ನು ನಿಲ್ಲಿಸಿ, ಅದರ ತುದಿ ಶಾಫ್ಟಿಗೆ ತಗಲುವಂತಿಟ್ಟು, ಶಾಫ್ಟನ್ನು ಕೈಯಿಂದ ಮೆಲ್ಲನೆ ತಿರುಗಿಸಿದರು. ಒಂದೆಡೆ ತಂತಿ ಮುಟ್ಟಿತು. ಅರ್ಧ ಸುತ್ತಿನ ಬಳಿಕ ನಡುವೆ ಬೆಳಕು ಕಂಡಿತು. ನೆಟ್ಟಗಿನ ಕೊಳವೆಯು ಸೊಟ್ಟಗೆ ತಿರುಗುತ್ತಿತ್ತು.

ಶಾಫ್ಟಿನ ಎರಡು ತುದಿಗಳಲ್ಲಿ ಎರಡು ಕೀಲುಗಳುಂಟು. ಹಿಂದಿನ ಹೌಸಿಂಗು ರಸ್ತೆಯ ಏರುಪೇರಿಗೆ ತಕ್ಕಂತೆ ಮೇಲೆ ಕೆಳಗೆ ಆಡುವುದರಿಂದ ಇವು ಬಾಗುತ್ತಲೇ ತಿರುಗಬೇಕು. 16ನೆಯ ಶತಮಾನದ ಇಟಲಿಯ ಕಾರ್ಡಾನೋವಿನ ಹೆಸರಿನಿಂದಲೂ, 17ನೆಯ ಶತಮಾನದ ಆಂಗ್ಲ ವಿಜ್ಞಾನಿ ರಾಬರ್ಟ್ ಹುಕ್ಕನ ಹೆಸರಿನಿಂದಲೂ ಈ ಕೀಲನ್ನು ಕರೆಯುತ್ತಾರೆ. ನಡುವೆ ಕೂಡುಗುರುತಿನ ಆಕಾರದ ಉಕ್ಕಿನ ತುಂಡು. ನಮ್ಮ ಕಡೆಯ ಮೇಸ್ತ್ರಿಗಳು ಅದನ್ನು ಕ್ರಾಸೆನ್ನುವರು. ಅದರ ನಾಲ್ಕು ತೋಳುಗಳೂ ನಾಲ್ಕು ಪುಟ್ಟ ಬಟ್ಟಲುಗಳಲ್ಲಿ ಕುಳಿತಿರುವುವು; ಬಟ್ಟಲಿನೊಳಗೆ ಸೂಜಿಯಂತಹ ಉರುಳೆಗಳು; ಬಟ್ಟಲು ಹೊರಕ್ಕೆ ಜಾರದಂತೆ ಗಾಡಿಯಲ್ಲಿ ಕೂರುವ ಉಕ್ಕಿನ ಬಳೆ, ಅದೇ ಲಾಕು. ಶಾಫ್ಟನ್ನು ಕಳಚಿ ತೆಗೆದ ಮೇಸ್ತ್ರಿಗಳು ಹಿಂದಿನ ಕೀಲನ್ನು ನಮ್ಮ ಕಣ್ಣಿನ ಬಳಿ ಹಿಡಿದರು. ಬಟ್ಟಲುಗಳ ಅಂಚಿನಲ್ಲಿ ಕುಂಕುಮದಂತಹ ಕೆಂಪು ಪುಡಿ. ಗ್ರೀಸಿಲ್ಲದೆ ಸೂಜಿಗಳು ಅರೆದುಕೊಂಡು ತುಕ್ಕಾದ ಗುರುತು ಅದು; ಗುಬ್ಬಿಯ ಕೂಗು ಹೊರಟದ್ದು ಅಲ್ಲಿಂದ. ಒಂದು ಬಟ್ಟಲಿನ ಲಾಕು ಗಾಡಿಯಲ್ಲಿ ಪೂರ್ತಿ ಕುಳಿತೇ ಇರಲಿಲ್ಲ. ಬಟ್ಟಲು ಒಂದು ರೂಪಾಯಿಯ ನಾಣ್ಯದಷ್ಟು ಹೊರಕ್ಕೆ ಸರಿದು, ಕ್ರಾಸು ನಡುಮಧ್ಯವನ್ನು ಬಿಟ್ಟು, ಶಾಫ್ಟನ್ನೆಲ್ಲ ತನ್ನೊಡನೆ ಎಳೆದಿತ್ತು.

ಕ್ಲಚ್ಚನ್ನು ಬದಲಿಸಲು ಗೇರುಪೆಟ್ಟಿಗೆಯನ್ನು ಇಳಿಸಬೇಕು; ಅದನ್ನು ಇಳಿಸಲು ಶಾಫ್ಟನ್ನು ಕಳಚಬೇಕು. ಅಂದು ಯಾರೋ ಒಳ್ಳೆಯ ಬುದ್ಧಿಯಿಂದಲೇ ಹೊಸ ಕ್ರಾಸನ್ನು ಹಾಕಿ, ಅವಸರದಲ್ಲಿ ಲಾಕನ್ನು ಅರ್ಧಕ್ಕೆ ಬಿಟ್ಟಿದ್ದರು. “ಇನ್ನೊಂದು ನಾಕು ದಿನ ಓಡ್ಸಿದ್ರೆ ಬಟ್ಲು ಹಾರೋದು, ಶಾಫ್ಟ್ ರಸ್ತೆಗೆ ಬೀಳೋದು. ಅಮ್ಮಾವ್ರು ಹಿಂದೆ ಕೂತಿದ್ರಲ್ಲ, ಅವರ ಕಾಲ ಕೆಳಗೇ ಇದು” ಎಂದರು ಮೇಸ್ತ್ರಿಗಳು. ನಮಗೆ ಬೆವರಿಟ್ಟಿತು. ಬೆಳಗ್ಗೆ ಹೆದ್ದಾರಿಯಲ್ಲಿಯೇ ಮುಂದುವರಿದಿದ್ದರೆ ಎಂಬ ಯೋಚನೆಯನ್ನು ಈಗಲೂ ನಾವು ಪೂರ್ತಿ ಮಾಡುವುದಿಲ್ಲ.

ಹೊಸ ಕ್ರಾಸು ಬಿಡದಿಯಲ್ಲಿ ದೊರೆಯಲಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಿಗೇ ಹೋಗಬೇಕು. ಇದು ವಿಚಿತ್ರವೇ ಸರಿ. ಏಕೆಂದರೆ ಈ ಊರು ಈಗ ಮೋಟಾರುಗಳ ತವರು. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆಯಿಂದ 1999ರ ಕೊನೆಯಲ್ಲಿ ಕ್ವಾಲಿಸ್ ಗಾಡಿಗಳು ಹೊರಬಂದುದು ಇಲ್ಲಿಯೇ. ಅದರ ನೆರೆಯಲ್ಲಿ 2002ರಲ್ಲಿ ಮೊದಲಾದ ಸೋದರಸಂಸ್ಥೆಯೊಂದು ಗೇರುಪೆಟ್ಟಿಗೆ, ಆಕ್ಸಲು, ಶಾಫ್ಟುಗಳನ್ನೇ ತಯಾರಿಸತೊಡಗಿತು. ನಮ್ಮ ಕಾರಿನಲ್ಲಿ ಕೆಟ್ಟ ಅಂಗದ ಜಾತಿಯದೇ ಅಂಗವು ಕೂಗಳತೆಯಲ್ಲಿ ತಯಾರಾಗುತ್ತಿರಲು, ನಮಗೆ ಬೇಕಾದ ಒಂದು ಕ್ರಾಸು ಮಾತ್ರ ಇಲ್ಲ! ಸಮುದ್ರದ ನಂಟಸ್ತಿಕೆ, ಉಪ್ಪಿಗೆ ಬಡತನ. ಸಂಜೆ ನಿಲ್ದಾಣದಲ್ಲಿ ರೈಲಿಗೆ ಕಾಯುತ್ತಿರುವಾಗ, ಪಾಳಿ ಮುಗಿಸಿದ ಒಂದೇ ಬಗೆಯ ಅಂಗಿಯ ಹುಡುಗರು ಗುಂಪುಗುಂಪಾಗಿ ಬಂದು ನಿಂತರು. ಅವರಲ್ಲೊಬ್ಬನು ಎದ್ದು ಅಕ್ಕನವರಿಗೆ ಜಾಗಕೊಟ್ಟನು. ಊರು ಯಾವುದೆಂದು ಅವರು ಕೇಳಿದರು, ಹಾವೇರಿಯ ಕಡೆಯೆಂದನು.

ಮರುದಿನ ನಾವೊಬ್ಬರೇ ಹೋಗಿ ಕಾರನ್ನು ತರುವೆವೆಂದರೂ ಅಕ್ಕನವರು ಒಪ್ಪಲಿಲ್ಲ. ಅದೇ ರೇಷ್ಮೆಯ ಸೀರೆಯಲ್ಲಿ ಜೆ.ಸಿ. ರಸ್ತೆಯ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಕ್ರಾಸಿನ ಪೊಟ್ಟಣವನ್ನು ತಮ್ಮ ಚೀಲದಲ್ಲಿ, ಹಣ್ಣುಕಾಯಿಗಳ ನಡುವೆ ಇಟ್ಟುಕೊಂಡರು.

ಮೇಸ್ತ್ರಿಗಳು ಕೆಲಸ ಹಿಡಿದರು. ಅಕ್ಕನವರು ಅವರ ಮನೆಯ ಹೆಂಗಸರೊಡನೆ ಜಗಲಿಯಲ್ಲಿ ಮಾತಿಗೆ ಕುಳಿತರು. ನಾವು ಆಟೋ ಹಿಡಿದು ಬೈರಮಂಗಲದ ಕೆರೆಯನ್ನು ನೋಡಿಬಂದೆವು, ನೋಡದಿದ್ದರೇ ಚೆನ್ನಾಗಿತ್ತು. ವೃಷಭಾವತಿಯು ನಮ್ಮ ಬಸವನಗುಡಿಯ ಬಸವನ ಪಾದದಲ್ಲಿ ಹುಟ್ಟಿದಳೆಂದು ಬಾಲ್ಯದಿಂದ ಕೇಳಿದವರು ನಾವು. ಆ ನದಿಯು ನಗರದ ಕೊಳೆಯನ್ನೆಲ್ಲ ಹೊತ್ತು ಇಲ್ಲಿಗೆ ಬಂದು ಸೇರುವಾಗ ನೀರು ಕಪ್ಪು, ಮೇಲೆ ಬಿಳಿಯ ನೊರೆ. ದಡದಲ್ಲಿ ಒಬ್ಬ ರೈತನು ಮೂಗಿಗೆ ಪಂಚೆಯ ಸೆರಗನ್ನು ಕಟ್ಟಿಕೊಂಡು ಹುಲ್ಲು ಕೊಯ್ಯುತ್ತಿದ್ದನು. ಎಲ್ಲಿಂದ ಬಂದಿರೆಂದು ಕೇಳಿದನು. ಬಸವನಗುಡಿಯೆಂದು ಹೇಳಲು ನಮಗೆ ನಾಲಗೆ ಬರಲಿಲ್ಲ, ಬೆಂಗಳೂರೆಂದೆವು. ಅವನು ನಕ್ಕನು.

ಹಿಂದಿರುಗುವಷ್ಟರಲ್ಲಿ ಕ್ರಾಸು ಕುಳಿತಿತ್ತು. ನಾಲ್ಕು ಲಾಕುಗಳನ್ನೂ ಮೇಸ್ತ್ರಿಗಳು ತಮ್ಮ ಉಗುರಿನಿಂದ ತಡವಿ ನೋಡಿದರು. ನಮ್ಮ ಉಗುರಿನಿಂದಲೂ ತಡವಿಸಿದರು. ಕಳಚುವ ಮೊದಲು ಶಾಫ್ಟಿನ ಮೇಲೂ ಅದು ಕೂಡುವ ಬಿಲ್ಲೆಯ ಮೇಲೂ ಸುಣ್ಣದ ಕಡ್ಡಿಯಿಂದ ಗೆರೆ ಎಳೆದಿದ್ದರು. ಆ ಎರಡು ಗೆರೆಗಳು ಕೂಡುವಂತೆಯೇ ಮತ್ತೆ ಬಿಗಿದರು. ಒಟ್ಟಿಗೆ ತಿರುಗಿ ಹೊಂದಿಕೊಂಡ ಜೋಡಿಯನ್ನು ಬೇರೆ ಮಗ್ಗುಲಿಗೆ ಕೂಡಿಸಿದರೆ ಅದರಿಂದಲೇ ಹೊಸ ನಡುಕ ಹುಟ್ಟುವುದುಂಟಂತೆ. ಎಲ್ಲ ಸೇರಿ ಎರಡು ಸಾವಿರದೊಳಗೆ ಮುಗಿಯಿತು. ಹೆಚ್ಚಿಗೆ ಕೊಡಹೋದರೆ, “ಕಾಫಿಗೆ ಬನ್ನಿ ಮೇಷ್ಟ್ರೇ, ಅದು ಸಾಕು” ಎಂದರು.

ಸಂಜೆಯ ಇಳಿಬಿಸಿಲಿನಲ್ಲಿ ಹೊರಟೆವು. ನಲವತ್ತು, ಐವತ್ತು, ಐವತ್ತೈದು. ನಮ್ಮ ಕೈಗಳು ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿದಿದ್ದುವು. ಅರವತ್ತಾಯಿತು. ಇಂಜಿನಿನ ಗುಣುಗುಣು, ಕಿಟಕಿಯ ಗಾಳಿ, ಬೇರೇನೂ ಇಲ್ಲ. ಬಲಗಡೆಯಲ್ಲಿ ರಾಮನಗರದ ಬಂಡೆಗಳು ಕೆಂಪೇರುತ್ತಿದ್ದುವು. ಸುಮಾರು 250 ಕೋಟಿ ವರ್ಷಗಳ ಈ ಕಲ್ಲಿಗೆ ಭೂಶಾಸ್ತ್ರಜ್ಞರು ಕ್ಲೋಸ್‌ಪೇಟೆ ಗ್ರಾನೈಟೆಂದು ಊರಿನ ಹಿಂದಿನ ಹೆಸರನ್ನೇ ಇಟ್ಟಿದ್ದಾರೆ. ಊರು ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದಿತು, ಕಲ್ಲಿನ ಹೆಸರು ಮಾತ್ರ ಹಾಗೆಯೇ ಇದೆ. ಕೆಂಗಲ್ ಎಂಬುದೂ ಕೆಚ್ಚನೆಯ ಕಲ್ಲೇ. ಈ ಸಮಾಸವನ್ನು ಬಿಡಿಸಿ ಹೇಳುವ ಚಾಪಲ್ಯವನ್ನು ಅಕ್ಕನವರ ಮುಂದೆ ನಾವು ತಡೆದುಕೊಂಡೆವು.

ದೀಪ ಹಚ್ಚುವ ಹೊತ್ತಿಗೆ ಗುಡಿಯನ್ನು ಸೇರಿದೆವು. ಅಕ್ಕನವರು ಹಣ್ಣುಕಾಯಿ ಮಾಡಿಸಿ, ಕುಂಕುಮವನ್ನು ತಂದು ಕಾರಿನ ಮೂತಿಗೆ ಹಚ್ಚಿದರು. ಹರಕೆ ಏನಿತ್ತೆಂದು ಆಗಲೂ ಹೇಳಲಿಲ್ಲ.

ಹಿಂದಿರುಗುವಾಗ ಹಾದಿ ಕತ್ತಲಾಗಿತ್ತು. ದೊಡ್ಡ ಸದ್ದು ಅಡಗಿದ್ದರಿಂದ, ಅದರ ಹಿಂದೆ ಅವಿತಿದ್ದ ಸಣ್ಣದೊಂದು ಸದ್ದು ಈಗ ಕೇಳಿಸಿತು: ಎಡಗಡೆಯ ಹಿಂಬಾಗಿಲಿನಲ್ಲಿ ಎಲ್ಲೋ ಸಡಿಲವಾದ ಒಂದು ತಗಡು ಟಿಕಟಿಕ ಎನ್ನುತ್ತಿತ್ತು. ಬಿಡದಿಯಲ್ಲಿ ಇನ್ನೊಮ್ಮೆ ನಿಂತು ಮೇಸ್ತ್ರಿಗಳಿಗೆ ತೋರಿಸೋಣವೆಂದೆವು.

“ಬೇಡ ಕಣೋ” ಎಂದರು ಅಕ್ಕನವರು, ಕತ್ತಲೆಯೊಳಗಿನಿಂದ. “ಅದು ಅವರ ಕಾಲದ ಸದ್ದು. ಅದನ್ನು ಹಾಗೇ ಬಿಡು.”

ಬಿಡದಿಯನ್ನು ದಾಟುವಾಗ ಅವರು ನಿದ್ರೆಹೋಗಿದ್ದರು.